ದಿಲಾವರ್ ಉಸ್ತಾದರ ಏಕವಚನ

ನನ್ನನ್ನು ಯಾರಾದರೂ ಏಕವಚನದಲ್ಲಿ ಮಾತನಾಡಿಸಿದರೆ ಕೋಪ ಮೂಗಿನ ತುದಿಗೇ ಬಂದು ನಿಲ್ಲುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ "ಒಳಗೆ ಹೋಗು" ಎಂದರೆ ಸಾಕು, "ಹೋಗ್ರಿ ಅಂದ್ರೆ ನಾಲಿಗೆ ಸವೆಯುತ್ತೇನಯ್ಯ?" ಎಂದು ಜಗಳಕ್ಕೆ ನಿಲ್ಲುವ ಪೈಕಿ ನಾನು. ಚಿತ್ರದುರ್ಗದಿಂದ ದಿನಾ ಬಸ್ಸಿನಲ್ಲಿ ಹೋಗಿ ಸಿರಿಗೆರೆ ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನೀನು ಏಕವಚನ, ನೀವು ಬಹುವಚನ, ಗೌರವಕ್ಕೂ ಬಹುವಚನವೇ ಎಂದು ಪ್ರತಿವರ್ಷ ಹೊಸ ಮಕ್ಕಳಿಗೆ ಹೇಳಿ ಹೇಳಿ ನನ್ನ ತಲೆಕೂದಲು ನರೆತಿದೆ. ಇಂಥ ನಾನು, ಚಿತ್ರದುರ್ಗದ ಒಬ್ಬ ಗಾದಿ ಹೊಲಿಯುವವರು ನನಗೆ "ನೀವು" ಎಂದರೆಂದು ಊಟ ಬಿಟ್ಟು ಕೂತಿದ್ದೆ ಎಂದರೆ ನೀವು ನಂಬಲಾರಿರಿ. ನಂಬದಿದ್ದರೆ ಬಿಡಿ, ನನಗೇ ಅದು ಇನ್ನೂ ಪೂರ್ತಿ ಅರ್ಥವಾಗಿಲ್ಲ.

ದಿಲಾವರ್ ಅವರ ಅಂಗಡಿ ಸಂತೆಹೊಂಡದಿಂದ ಸ್ವಲ್ಪ ಮುಂದೆ. ಗಾದಿ, ದಿಂಬು, ಮದುವೆ ಮನೆಗೆ ಒರಗುವ ಲೋಡು, ಇಷ್ಟೇ ವ್ಯಾಪಾರ. ಹಗಲು ನೋಡಿದರೆ ಹುಬ್ಬು ಮೀಸೆಗೆಲ್ಲ ಹತ್ತಿ ಅಂಟಿಕೊಂಡು, ನೋಡಿದವರಿಗೆ ಪಾಪ ಎನಿಸುವಂತೆ ಕೂತಿರುತ್ತಾರೆ. ಬೆಳಗಿನ ಜಾವ ಮಾತ್ರ ಅವರು ಕೋಟೆ ಕಡೆಯ ಹಳೇ ಗರಡಿಯ ಉಸ್ತಾದರು. ಕುಸ್ತಿ ಕಲಿಸುತ್ತಾರೆ. "ಬೆಳಿಗ್ಗೆ ಮಂದೀನ ನೆಲಕ್ಕೆ ಒಗೀತಾರೆ, ಸೊಂಟ ಹಿಡಿದ ಮೇಲೆ ಅವರೇ ಬಂದು ಗಾದಿ ತಗಾತಾರೆ, ನಮ್ಮ ಯಜಮಾನ್ರದ್ದು ಒಳ್ಳೇ ವ್ಯಾಪಾರ" ಎಂದು ಅವರ ಹೆಂಡತಿ ಅಮೀನಾ ಬೀ ನಗುತ್ತಾರೆ.

ಗರಡಿ ಎಂದರೆ ದೊಡ್ಡದೇನಲ್ಲ. ಬಾಗಿ ಹೋಗಬೇಕಾದ ಬಾಗಿಲು, ಎತ್ತರದ ಹೊಸ್ತಿಲು, ಒಳಗೆ ಕೆಮ್ಮಣ್ಣಿನ ಅಖಾಡ. ಗೋಡೆಯ ಮೇಲೆ ಆಂಜನೇಯನ ಪಟ, ಪಕ್ಕದಲ್ಲಿ ಹಿಂದಿನ ಉಸ್ತಾದರಾದ ಜಂಪಣ್ಣನವರ ಫೋಟೋ. ದಿಲಾವರ್ ಉಸ್ತಾದರು ಬಾಗಿಲು ತೆಗೆದು ಮೊದಲು ಎರಡಕ್ಕೂ ಊದುಬತ್ತಿ ಹಚ್ಚುತ್ತಾರೆ. ಅಲ್ಲಿಗೆ ಬರುವ ನಮ್ಮಲ್ಲಿ ಹುಡುಗರು ಕಡಿಮೆ. ಹುಡುಗರೆಲ್ಲ ಈಗ ಜಿಮ್ಮಿಗೆ ಹೋಗುತ್ತಾರೆ, ಅಲ್ಲಿ ಕನ್ನಡಿ ಇದೆ. ಗರಡಿಗೆ ಬರುವವರು ಹೊಟ್ಟೆ ಬಂದವರು, ಸೊಂಟ ನೋವಿನವರು, ಮನೆಯಲ್ಲೂ ಆಫೀಸಿನಲ್ಲೂ ದೊಡ್ಡವರು ಎನಿಸಿಕೊಂಡವರು.

ಈ ದೊಡ್ಡವರಿಗೆಲ್ಲ ಅಲ್ಲಿ ಒಂದೇ ನಿಯಮ. ಹೊಸ್ತಿಲ ಒಳಗೆ ಕಾಲಿಟ್ಟರೆ "ನೀನು". ಹೊರಗೆ ಬಂದರೆ "ನೀವು". ಭೀಮಸಮುದ್ರದಿಂದ ಬೈಕಿನಲ್ಲಿ ಬರುವ ಅಡಿಕೆ ವ್ಯಾಪಾರಿ ಮಾರುತೇಶ್ ಒಳಗೆ ದಂಡ ಹೊಡೆಯುತ್ತಿದ್ದರೆ "ಲೇ ಅಡಿಕೆ ಮೂಟೆ, ಕುಂಡಿ ಇಳಿಸೋ!" ಎಂದು ಬೈದ ಉಸ್ತಾದರು, ಅರ್ಧ ಗಂಟೆಯ ಮೇಲೆ ಎದುರಿನ ಟೀ ಅಂಗಡಿಯಲ್ಲಿ "ಮಾರುತೇಶಪ್ಪಾರೆ, ಕುಂತ್ಕಳ್ರಿ, ಬಿಸಿ ಐತೆ, ನಿಧಾನ ಕುಡೀರಿ" ಎನ್ನುತ್ತಾರೆ. ನಾನು ಹೊರಗೆ "ಮೇಷ್ಟ್ರೇ", ಒಳಗೆ "ಓಬ್ಯಾ". ಓಬಳೇಶ್ ಎಂಬ ನನ್ನ ಪೂರ್ತಿ ಹೆಸರು ಆ ಹೊಸ್ತಿಲ ಒಳಗೆ ಯಾವತ್ತೂ ಬಂದದ್ದಿಲ್ಲ.

ಬ್ಯಾಂಕ್ ಮ್ಯಾನೇಜರ್ ಹನುಮೇಶ್ ಹಿರಿಯೂರಿನಿಂದ ವರ್ಗವಾಗಿ ಬಂದ ಹೊಸತರಲ್ಲಿ ಗರಡಿಗೆ ಬಂದರು. ಒಳಗೆ ಕಾಲಿಟ್ಟಿದ್ದೇ ತಡ, "ಚಪ್ಪಲಿ ಬಿಟ್ಟು ಬಾರೋ, ಅಂಗಿ ಬಿಚ್ಚು" ಎಂದರು ಉಸ್ತಾದರು. ಹನುಮೇಶ್ ಮುಖ ಕೆಂಪಗಾಯಿತು. "ಯಾರಿಗೆ ಬಾರೋ ಅಂತೀಯಾ?" ಎಂದು ತಿರುಗಿ ಹೊರಟೇಬಿಟ್ಟರು. ಉಸ್ತಾದರು ಅವರ ಹಿಂದೆಯೇ ಹೊಸ್ತಿಲು ದಾಟಿ ಬಂದು ಕೈ ಮುಗಿದರು. "ತಪ್ಪು ತಿಳ್ಕಬ್ಯಾಡ್ರಿ ಸಾರ್. ಟೀ ಕುಡ್ಯಾಣ ಬರ್ರಿ." ಟೀ ಕುಡಿಸಿ, ಬೈಕಿನ ತನಕ ಬಂದು ಬೀಳ್ಕೊಟ್ಟರು. ಅವರು ಕೊಟ್ಟ ಮರ್ಯಾದೆ ನೋಡಿ ಹನುಮೇಶ್‌ಗೆ ಏನನಿಸಿತೋ ಏನೋ, ಮರುದಿನ ತಾವೇ ಬಂದು, ಚಪ್ಪಲಿ ಬಿಟ್ಟು, ಅಂಗಿ ಬಿಚ್ಚಿ ನಿಂತರು. ಉಸ್ತಾದರು ತಲೆ ಎತ್ತಿಯೂ ನೋಡದೆ "ಬಸ್ಕಿ ಹೊಡಿಯೋ" ಎಂದರು. ಹೊಡೆದರು.

ನಾವ್ಯಾಕೆ ಇವರ ಮಾತು ಕೇಳುತ್ತೇವೆ ಎಂದು ನಾನು ಸಿರಿಗೆರೆ ಬಸ್ಸಿನಲ್ಲಿ ಕೂತು ಎಷ್ಟೋ ಸಲ ಯೋಚಿಸಿದ್ದೇನೆ. ಬಲಕ್ಕೆ ಹೆದರಿಯೇ? ಅರವತ್ತು ದಾಟಿದ ಮನುಷ್ಯ. ವಿದ್ಯೆಗೆ ಎನ್ನೋಣವೆಂದರೆ ಅವರು ಕಲಿಸುವ ಪಟ್ಟುಗಳೆಲ್ಲ ಈಗ ಮೊಬೈಲಿನಲ್ಲಿ ಸಿಗುತ್ತವೆ. ಫೀಜು ಕೊಟ್ಟಿದ್ದೇವಲ್ಲ ಎಂದೂ ಅಲ್ಲ, ಅವರು ತೆಗೆದುಕೊಳ್ಳುವುದೇ ಇಲ್ಲ. ಮಾರುತೇಶ್ ಮಾತ್ರ ಬಹಳ ಸುಲಭವಾಗಿ ಹೇಳುತ್ತಾನೆ, "ಬೆಳಿಗ್ಗೆ ಇವ್ರ ಬಾಯಾಗೆ ಬೈಸ್ಕಂಡು ಹೋದ್ರೆ ಅಡಿಕೆ ಮಂಡಿಯಾಗೆ ಯಾರು ಏನಂದ್ರೂ ಮೈಗೆ ಹತ್ತಂಗಿಲ್ಲ ಮೇಷ್ಟ್ರೇ." ಇದು ವ್ಯಾಪಾರಿಯ ಲೆಕ್ಕಾಚಾರ. ನನಗೆ ಅಷ್ಟಕ್ಕೆ ಸಮಾಧಾನವಿಲ್ಲ.

ಇನ್ನೊಂದು ಪದ್ಧತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಶನಿವಾರ ಉಸ್ತಾದರು ಅಖಾಡಕ್ಕೆ ಇಳಿದು ಪ್ರತಿಯೊಬ್ಬರ ಜೊತೆಯೂ ಒಂದು ಸುತ್ತು ಹಿಡಿಯುತ್ತಾರೆ. ಇದಕ್ಕೆ ಗರಡಿಯಲ್ಲಿ "ಕೈ ಕೊಡುವುದು" ಎನ್ನುತ್ತಾರೆ. ಊರಿನಲ್ಲಿ ಕೈ ಕೊಡುವುದೆಂದರೆ ಮೋಸ ಮಾಡುವುದು, ನಡುನೀರಿನಲ್ಲಿ ಬಿಟ್ಟು ಹೋಗುವುದು. ಹೊಸ್ತಿಲ ಒಳಗೆ ಮಾತ್ರ ಅದು ದೊಡ್ಡ ಮರ್ಯಾದೆ. ಇದು ಶುರುವಾದದ್ದು ಜಂಪಣ್ಣ ತೀರಿಕೊಂಡ ಮೇಲೆ. ಅವರು ಗರಡಿಯ ಬೀಗದ ಕೈಯನ್ನು ಸ್ವಂತ ಮಕ್ಕಳಿಗೆ ಕೊಡದೆ ದಿಲಾವರ್ ಕೈಗೆ ಕೊಟ್ಟು ಹೋಗಿದ್ದರು. "ನಿನ್ನೆ ತನಕ ನಮ್ಮ ಜತೆ ಬಿದ್ದೆದ್ದೋನು ಇವತ್ತು ನಮಗೆ ಹೇಳ್ತಾನಾ?" ಎಂದು ಹಳಬರೆಲ್ಲ ಕೈಕಟ್ಟಿ ಗೋಡೆಗೆ ಒರಗಿ ನಿಂತರಂತೆ. ದಿಲಾವರ್ ವಾದ ಮಾಡಲಿಲ್ಲ. ಅಖಾಡದ ನಡುವೆ ನಿಂತು, "ಶನಿವಾರ ಎಲ್ಲಾರಿಗೂ ಕೈ ಕೊಡ್ತೀನಿ. ಕೆಡವೋನು ಕೆಡವಲಿ" ಎಂದರಂತೆ. ಬಸ್ ಡ್ರೈವರ್ ಆಗಿದ್ದ ತಿಮ್ಮರಾಯಪ್ಪ ಮೊದಲನೇ ಶನಿವಾರವೇ ಎತ್ತಿ ಒಗೆದರು. ಒಗೆಸಿಕೊಂಡವರು ಎದ್ದು, ಮಣ್ಣು ಒರೆಸಿಕೊಂಡು, ಒಗೆದವರಿಗೇ ಪಾಠ ಹೇಳಿದರು. ಅವತ್ತಿನಿಂದ ಅವರು ಉಸ್ತಾದರು.

ಈ ಕಥೆ ನಮಗೆಲ್ಲ ಬಾಯಿಪಾಠ. ಬಾಯಿಪಾಠವಾದದ್ದು ತಲೆಗೆ ಹತ್ತಿರುವುದಿಲ್ಲ ಎಂದು ನಾನು ಮಕ್ಕಳಿಗೆ ದಿನಾ ಬೈಯುತ್ತೇನೆ.

ಹೋದ ಮಳೆಗಾಲದಲ್ಲಿ ಉಸ್ತಾದರು ಅಂಗಡಿಯ ಅಟ್ಟದಿಂದ ಹತ್ತಿ ಮೂಟೆ ಇಳಿಸುವಾಗ ಏಣಿ ಜಾರಿ ಬಿದ್ದರು. ಮೊಣಕಾಲು ಊದಿಕೊಂಡಿತು. ವಾಸಿಯಾಗಿ ಗರಡಿಗೆ ವಾಪಸು ಬಂದಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದರು. ಡಾಕ್ಟರು ಸಾಮು ಮಾಡಬಹುದು ಎಂದಿದ್ದಾರೆಂದು ಅವರೇ ಹೇಳಿದರು. ಆದರೂ ನಮಗೆ ಪಾಪ ಎನಿಸಿತು. ಟೀ ಅಂಗಡಿಯಲ್ಲಿ ಅವರು ಎದ್ದು ಹೋದ ಮೇಲೆ ಮಾರುತೇಶ್ ದನಿ ತಗ್ಗಿಸಿದ. "ಇನ್ಮೇಲೆ ಶನಿವಾರ ಯಾರೂ ಜೋರು ಮಾಡಬಾರ್ದು. ಅವ್ರು ಹಿಡೀತಿದ್ದಂಗೆ ಬಿದ್ದುಬಿಡಾಣ. ವಯಸ್ಸಾದೋರು, ಅವ್ರ ಮರ್ಯಾದೆ ಉಳೀಲಿ." ಹನುಮೇಶ್ ತಕ್ಷಣ ಒಪ್ಪಿದರು. ನಾನೂ ಒಪ್ಪಿದೆ. ತಿಮ್ಮರಾಯಪ್ಪ ಒಬ್ಬರು ಅವತ್ತು ಇರಲಿಲ್ಲ, ರಾಮಗಿರಿಯಲ್ಲಿ ಮಗಳ ಮನೆಗೆ ಹೋಗಿದ್ದರು.

ಆ ಶನಿವಾರ ನಾವು ಬಿದ್ದ ಚೆಂದ ನೋಡಬೇಕಿತ್ತು. ಉಸ್ತಾದರು ಹನುಮೇಶರ ಕುತ್ತಿಗೆಗೆ ಕೈ ಹಾಕಿದರೋ ಇಲ್ಲವೋ, ಮ್ಯಾನೇಜರ್ ಸಾಹೇಬರು ಬಾಳೆಗಿಡ ಉರುಳಿದಂತೆ ಉರುಳಿದರು. ಮಾರುತೇಶ್ "ಅಯ್ಯಪ್ಪಾ, ಏನ್ ಶಕ್ತಿ!" ಎಂದು ಬೇರೆ ಸೇರಿಸಿದ. ನಾನು ಸ್ವಲ್ಪ ಮರ್ಯಾದಸ್ಥ, ಎರಡು ಹೆಜ್ಜೆ ತೂರಾಡಿ ಬಿದ್ದೆ. ಉಸ್ತಾದರು ಕೈಯ ಮಣ್ಣು ನೋಡಿಕೊಂಡು ನಿಂತರು. ನಮ್ಮಂಥ ಶಿಷ್ಯರು ಯಾರಿಗುಂಟು ಎಂದು ನಾವು ಬೀಗುತ್ತಾ ಹೊರಗೆ ಬಂದೆವು.

ಸೋಮವಾರ ಬೆಳಿಗ್ಗೆ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟೆ. "ಬರ್ರಿ ಮೇಷ್ಟ್ರೇ" ಎಂದರು ಉಸ್ತಾದರು.

ತಪ್ಪಿ ಹೊರಗೇ ನಿಂತಿದ್ದೇನೋ ಎಂದು ಕಾಲು ನೋಡಿಕೊಂಡೆ. ಎರಡೂ ಕಾಲು ಒಳಗೇ ಇದ್ದವು. ಹಿಂದೆಯೇ ಮಾರುತೇಶ್ ಬಂದ. "ಮಾರುತೇಶಪ್ಪಾರೆ, ದಂಡ ಶುರು ಮಾಡ್ರಿ." ಅವನು ಗಾಬರಿಯಲ್ಲಿ ಎಂದಿಗಿಂತ ಕೆಟ್ಟದಾಗಿ ಹೊಡೆದ. "ಚಲೋ ಆತು ನೋಡ್ರಿ" ಎಂದರು. ಹನುಮೇಶ್ ಗದೆ ತಿರುಗಿಸಲು ಹೋಗಿ ತಮ್ಮ ಕಿವಿಗೇ ಹೊಡೆದುಕೊಂಡರು. "ಪರವಾಗಿಲ್ಲ ಸಾರ್, ಚೆನ್ನಾಗೈತೆ."

ವಾರವಿಡೀ ಇದೇ. ಬೈಗುಳವಿಲ್ಲ, ಬೆನ್ನಿಗೆ ಗುದ್ದಿಲ್ಲ, ತಿದ್ದುವುದಂತೂ ಇಲ್ಲವೇ ಇಲ್ಲ. ನಾವು ಮಾಡಿದ್ದೆಲ್ಲ ಚೆನ್ನ. ನಾನು ಬೇಕೆಂದೇ ಬಸ್ಕಿಯನ್ನು ಅರ್ಧಕ್ಕೇ ನಿಲ್ಲಿಸಿ ನೋಡಿದೆ. "ಸುಸ್ತಾಗಿದ್ರೆ ಕುಂತ್ಕಳ್ರಿ ಮೇಷ್ಟ್ರೇ" ಎಂದರು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

"ನಮಗೆ ಪ್ರಮೋಷನ್ ಆಗೈತೆ ಕಣ್ರಿ" ಎಂದ ಮಾರುತೇಶ್, ತನಗೇ ನಂಬಿಕೆಯಿಲ್ಲದ ದನಿಯಲ್ಲಿ. ಹನುಮೇಶ್ ತಲೆಯಾಡಿಸಿದರು. "ನಮ್ಮ ಆಫೀಸುಗಳಾಗೆ ಒಬ್ಬನ್ನ ದೂರ ಹಾಕ್ಬೇಕು ಅಂದ್ರೆ ಮೊದ್ಲು ಅವನಿಗೆ ಮರ್ಯಾದೆ ಜಾಸ್ತಿ ಮಾಡ್ತಾರೆ. ಇದು ಅದೇ." ನಾನು ಇಬ್ಬರ ಮೇಲೂ ರೇಗಿದೆ. ಏನೆಂದು ರೇಗಿದೆನೋ ಈಗ ನೆನಪಿಲ್ಲ. ಉಸ್ತಾದರ ಮರ್ಯಾದೆ ಉಳಿಸಲು ಹೋಗಿ ನಮಗೇ ಮರ್ಯಾದೆ ಬಂದು ಮೆತ್ತಿಕೊಂಡಿತ್ತು, ತೊಳೆದರೂ ಹೋಗುತ್ತಿರಲಿಲ್ಲ.

ಮನೆಯಲ್ಲಿ ಊಟ ಮಾಡದೆ ಕೂತೆ. ಹೆಂಡತಿ ಚೌಡೇಶ್ವರಿ ವಿಷಯ ಕೇಳಿ ನಕ್ಕಳು. "ಬೈಸಿಕೊಳ್ಳಾಕೆ ಅಷ್ಟು ಆಸೆ ಇದ್ರೆ ನಾನೇ ಬೈತೀನಿ ಬಿಡ್ರಿ."

"ಬೈಯಿ, ನೋಡಾಣ."

"ಹೋಗ್ರಿ, ನಿಮಗೆ ಬುದ್ಧಿ ಇಲ್ಲ" ಎಂದಳು. ಅದರಲ್ಲೂ ಬಹುವಚನ! ಅವಳದೇನೂ ತಪ್ಪಿಲ್ಲ. ಆದರೆ ಆ ಗಳಿಗೆಯಲ್ಲಿ ನನ್ನನ್ನು ಯಾರು ಯಾರು ಏನೆಂದು ಕರೆಯುತ್ತಾರೆಂದು ಎಣಿಸತೊಡಗಿದೆ. ಕಾಲೇಜಿನಲ್ಲಿ ನಾನು ಸಾರ್. ಬೀದಿಯಲ್ಲಿ ಮೇಷ್ಟ್ರು. ತಂಗಿಯ ಮಕ್ಕಳಿಗೆ ಮಾವಾರು. ನನ್ನನ್ನು ಓಬ್ಯಾ ಎಂದು ಕರೆಯುತ್ತಿದ್ದವಳು ನನ್ನ ಅವ್ವ, ಅವಳು ಹೋದಳು. ಆಮೇಲೆ ಆ ಹೆಸರಿನಿಂದ, "ಲೇ" ಎಂದು ಕೂಗುವವರು ಈ ಭೂಮಿಯ ಮೇಲೆ ಉಳಿದಿದ್ದದ್ದು ಒಬ್ಬರೇ, ಅವರೂ ಈಗ ಬಾಯಿ ಮುಚ್ಚಿಕೊಂಡಿದ್ದರು. ಅದು ನನಗೆ ವಾಪಸು ಬೇಕಿತ್ತು. ಐವತ್ತರ ಹತ್ತಿರ ಬಂದವನು ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಅವರನ್ನೇ ಕೇಳಿಬಿಡೋಣ ಎಂದು ಅಂಗಡಿಗೆ ಹೋದೆ. ಹೋದ ಮೇಲೆ ನನ್ನ ದಡ್ಡತನ ಗೊತ್ತಾಯಿತು. ಅಂಗಡಿ ಇರುವುದು ಹೊಸ್ತಿಲ ಹೊರಗೆ. ಅಲ್ಲಿ ಅವರು ಎಂದಿನಂತೆಯೇ "ನೀವು" ಎನ್ನುತ್ತಿದ್ದರು. ಅದು ಹಳೇ ನೀವೋ ಹೊಸ ನೀವೋ ಎಂದು ಪಂಡಿತನಾದ ನನಗೇ ತಿಳಿಯಲಿಲ್ಲ.

"ಉಸ್ತಾದ್ರೆ, ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಏನಿಲ್ಲ ಮೇಷ್ಟ್ರೇ. ಕುಂತ್ಕಳ್ರಿ." ಹೊಲಿದು ಮುಗಿಸಿದ್ದ ಒಂದು ಗಾದಿಯ ಮೇಲೆ ಅಂಗೈ ಆಡಿಸುತ್ತಿದ್ದರು. ಹೂವಿನ ಬಟ್ಟೆ, ನೋಡಲು ಸೊಗಸಾಗಿತ್ತು. ಒಂದು ಕಡೆ ಕೈ ನಿಂತಿತು. "ಇಲ್ಲಿ ಗಂಟು ಐತೆ. ಕಣ್ಣಿಗೆ ಕಾಣಂಗಿಲ್ಲ, ಕೈಗೆ ಸಿಗ್ತೈತೆ" ಎಂದು, ಹೊಲಿಗೆ ಬಿಚ್ಚತೊಡಗಿದರು. ನಾನು ಟೀ ಕುಡಿದು ಎದ್ದೆ.

ಅಮೀನಾ ಬೀ ಬಾಗಿಲ ತನಕ ಬಂದರು. "ಜಗಳ ಏನಾದ್ರೂ ಆಯ್ತಾ ಮೇಷ್ಟ್ರೇ? ಅವತ್ತು ಶನಿವಾರ ಮನೀಗೆ ಬಂದು ತಿಂಡಿ ತಿನ್ಲಿಲ್ಲ. ನಾನು ಅವರಿಗೆ ಕೈ ಕೊಟ್ಟೆ, ಅವ್ರು ನಂಗೆ ಕೈ ಕೊಟ್ರು, ಅಂತ ಇಷ್ಟೇ ಅಂದ್ರು."

ಕೈ ಕೊಟ್ಟೆವೇ? ನಾವೇ? ದಾರಿಯುದ್ದಕ್ಕೂ ಸಿಟ್ಟು ಬಂತು. ಅವರ ಮಾನ ಕಾಪಾಡಲು ಮೈಗೆ ಮಣ್ಣು ಮಾಡಿಕೊಂಡವರು ನಾವು, ಮೋಸಗಾರರು ಎನಿಸಿಕೊಂಡವರೂ ನಾವೇ. ಒಳ್ಳೆಯದಕ್ಕೆ ಕಾಲವಿಲ್ಲ ಎಂದು ಗೊಣಗಿದೆ. ಆದರೆ ಆ ಮಾತು ಮುಳ್ಳಿನಂತೆ ಮುರಿದು ಒಳಗೇ ಉಳಿಯಿತು. ಹೊಸ್ತಿಲ ಒಳಗಿನ ಅರ್ಥದಲ್ಲಿ ಅವರು ಕೈ ಕೊಟ್ಟರು, ಸರಿ. ನಾವು ಕೊಟ್ಟದ್ದು ಯಾವ ಕೈ?

ಮುಂದಿನ ಶನಿವಾರ ತಿಮ್ಮರಾಯಪ್ಪ ರಾಮಗಿರಿಯಿಂದ ವಾಪಸು ಬಂದಿದ್ದರು. ಉಸ್ತಾದರಿಗಿಂತ ಒಂದೆರಡು ವರ್ಷ ದೊಡ್ಡವರು, ಗಡಿಗೆಯಂಥ ಹೊಟ್ಟೆ, ಜಗಳಗಂಟ. ನಾವು ಟೀ ಅಂಗಡಿಯ ಒಪ್ಪಂದವನ್ನು ಅವರ ಕಿವಿಗೆ ಹಾಕುವಷ್ಟರಲ್ಲಿ ಅವರು ಅಖಾಡಕ್ಕೆ ಇಳಿದಾಗಿತ್ತು. ಹನುಮೇಶ್ ಕಣ್ಣು ಮಿಟುಕಿಸಿದರು, ಕೈಸನ್ನೆ ಮಾಡಿದರು. ತಿಮ್ಮರಾಯಪ್ಪ "ಕಣ್ಣಾಗೆ ಏನ್ ಬಿತ್ತಪ್ಪ ನಿಂಗೆ?" ಎಂದು ಕೇಳಿ, ಉಸ್ತಾದರ ಸೊಂಟಕ್ಕೆ ಕೈ ಹಾಕಿ, ತಮ್ಮ ಹೊಟ್ಟೆಯ ಭಾರವನ್ನೆಲ್ಲ ಹೇರಿ ದಬಕ್ಕನೆ ಕೆಡವಿದರು.

ಮಾರುತೇಶ್ ಎತ್ತಲು ಓಡಿದ. ಅಷ್ಟರಲ್ಲಿ ಕೆಳಗಿನಿಂದ ದನಿ ಬಂತು. "ಲೇ ತಿಮ್ಮ! ಇದು ಕುಸ್ತಿಯೇನೋ, ಬಸ್ ಹತ್ತಿಸೋದೇನೋ? ಹೊಟ್ಟೆ ಹೇರೋದು ಪಟ್ಟಲ್ಲ, ಕತ್ತೆ!"

ಮಾರುತೇಶ್ ಅಲ್ಲೇ ನಿಂತ. ಉಸ್ತಾದರು ಅವನ ಕಡೆ ತಿರುಗಿ, "ನೀವು ಯಾಕೆ ಬಂದ್ರಿ? ಕುಂತ್ಕಳ್ರಿ" ಎಂದರು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕೆಡವಿದವನಿಗೆ "ಲೇ". ಎತ್ತಲು ಹೋದವನಿಗೆ "ನೀವು". ವ್ಯಾಕರಣ ತಲೆಕೆಳಗಾಗಿತ್ತು. ಆಗ ಹೂವಿನ ಬಟ್ಟೆಯ ಗಾದಿಯ ಮೇಲೆ ನಿಂತ ಅವರ ಅಂಗೈ ನೆನಪಾಯಿತು. ನಾವು ಎಷ್ಟೇ ಚೆಂದವಾಗಿ ಬಿದ್ದಿದ್ದರೂ ಅದರೊಳಗಿನ ಸುಳ್ಳು ಆ ಕೈಗೆ ಸಿಕ್ಕಿತ್ತು. ಶಿಷ್ಯರು ಸುಳ್ಳಾಗಿ ಬಿದ್ದ ಮೇಲೆ ಅವರು ಯಾರಿಗೆ ಉಸ್ತಾದರು? ಅದಕ್ಕೇ ಅವರು ನಮ್ಮನ್ನು ಬೈಯುವ ಹಕ್ಕು ಬಿಟ್ಟುಕೊಟ್ಟು, ನಾವು ಕೊಟ್ಟ ಮರ್ಯಾದೆಯನ್ನು ನಮಗೇ ತಿರುಗಿಸಿದ್ದರು. ಹೀಗಿರಬೇಕು ಎಂದುಕೊಂಡೆ. ಅಲ್ಲವೇನೋ ಎಂದೂ ಅನಿಸಿತು.

"ಬರ್ರಿ ಮೇಷ್ಟ್ರೇ" ಎಂದರು. ನನ್ನ ಸರದಿ.

ಇಳಿದೆ. ಅವರ ಮೊಣಕಾಲು ಕಣ್ಣ ಮುಂದೆಯೇ ಇತ್ತು, ಎಡಕ್ಕೆ ವಾಲಿಕೊಂಡು. ನಿಜವಾಗಿ ಹಿಡಿದರೆ ಆ ಕಾಲು ಏನಾದೀತು? ಹಿಡಿಯದಿದ್ದರೆ ಓಬ್ಯಾ ಎನ್ನುವ ಬಾಯಿ ಇನ್ನು ತೆರೆಯುವುದಿಲ್ಲ. ಅವರ ಕೈ ನನ್ನ ಕುತ್ತಿಗೆಗೆ ಬಂತು. ಬೀಳಲಿಲ್ಲ. ಅವರು ಎಳೆದರು, ನಾನೂ ಎಳೆದೆ. ಅವರ ಹಿಡಿತ ಬಿಗಿಯಾಯಿತು. ಅಬ್ಬಾ, ಅದೆಂಥ ಬಿಗಿ! ಕರುಣೆ ತೋರಿಸಲು ಹೋದವನ ಪಕ್ಕೆಲುಬುಗಳು ಲಟಲಟ ಎಂದವು. ಒಂದು ಸಲ ನನ್ನನ್ನು ಮೊಣಕಾಲೂರುವ ತನಕ ತಂದೇಬಿಟ್ಟರು. ತಪ್ಪಿಸಿಕೊಂಡು ಒಳಗೆ ನುಗ್ಗಿ, ಅವರೇ ಕಲಿಸಿದ ಸೊಂಟದ ಪಟ್ಟು ಹಾಕಿ, ಇದ್ದಬದ್ದ ಬಲವೆಲ್ಲ ಸೇರಿಸಿ ಒಗೆದೆ. ಉಸ್ತಾದರು ಅಂಗಾತ ಬಿದ್ದರು. ಮಣ್ಣು ಹಾರಿ ನನ್ನ ಬಾಯಿಗೆ ಬಂತು.

ಅವರು ಕಣ್ಣು ಮುಚ್ಚಿದ್ದರು. ಅವ್ವಾ, ಏನು ಮಾಡಿಬಿಟ್ಟೆ ಎಂದುಕೊಂಡೆ.

ಕಣ್ಣು ತೆರೆಯದೆಯೇ ಕೇಳಿದರು. "ಎಡಗಾಲು ಎಲ್ಲಿಟ್ಟಿದ್ದೆಲೇ?"

ನಾನು ನನ್ನ ಕಾಲು ನೋಡಿಕೊಂಡೆ.

"ಓಬ್ಯಾ, ನಿನ್ನನ್ನೇ ಕೇಳ್ತಿರೋದು. ಎಡಗಾಲು ಹೊರಗೆ ಬಿಟ್ಟಿದ್ದೆ. ಇನ್ನೊಬ್ಬ ಆಗಿದ್ರೆ ನಿನ್ನ ಅಲ್ಲೇ ಮಡಚಿ ಹಾಕ್ತಿದ್ದ. ಮೇಷ್ಟ್ರಂತೆ ಮೇಷ್ಟ್ರು! ತಲೆಯಾಗೆ ಏನೈತೋ, ಸಗಣಿನಾ?" ಆಮೇಲೆ ಒಂದು ಕಣ್ಣು ತೆರೆದು, ಮೆಲ್ಲಗೆ, "ಇವತ್ತು ನೀನೂ ಕೈ ಕೊಟ್ಟೆ ನೋಡು" ಎಂದರು.

ನಾನು ಅತ್ತೆ. ನಾಚಿಕೆಯಿಲ್ಲದೆ, ಮೂಗಿನಲ್ಲಿ ನೀರು ಸೋರಿಸಿಕೊಂಡು ಅತ್ತೆ. "ಅಖಾಡದಾಗೆ ಮೂಗು ಒರಸ್ಬ್ಯಾಡ್ವೋ, ಮಣ್ಣು ಕೆಡ್ತೈತೆ" ಎಂದು ಬೈದರು. ಅದನ್ನು ಕೇಳಿ ಇನ್ನೂ ಜೋರಾಗಿ ಅಳು ಬಂತು. ಮಾರುತೇಶ್ ಮತ್ತು ಹನುಮೇಶ್ ಆಗಲೇ ನಾ ಮುಂದು ತಾ ಮುಂದು ಎಂದು ಕಚ್ಚೆ ಬಿಗಿದುಕೊಳ್ಳುತ್ತಿದ್ದರು. "ಮುಂದಿನ ಶನಿವಾರ ಬರ್ರಲೇ, ನಾನೇನು ಕಲ್ಲಾ?" ಎಂದು ಉಸ್ತಾದರು ಅವರನ್ನು ಗದರಿಸಿ ಎದ್ದು ಕೂತರು.

ಹೊರಗೆ ಹೊರಟಾಗ ಉಸ್ತಾದರ ಕಾಲು ನಿಜಕ್ಕೂ ನೋಯುತ್ತಿತ್ತು. ನನ್ನ ಹೆಗಲ ಮೇಲೆ ಕೈ ಹಾಕಿದರು. "ಗಟ್ಟಿ ಹಿಡ್ಕಳಲೇ. ಬೀಳ್ಸಿದೋನು ನೀನೇ ತಾನೆ?"

ಹೊಸ್ತಿಲ ಹತ್ತಿರ ಬಂದೆವು. ಅವರು ನೋವಿನ ಕಾಲನ್ನು ಮೊದಲು ಆಚೆ ಇಟ್ಟರು, ಇನ್ನೊಂದು ಕಾಲು ಒಳಗೇ ಇತ್ತು. ಅಲ್ಲೇ ನಿಂತು ಸುಧಾರಿಸಿಕೊಂಡರು. ನನಗೆ ತಡೆಯಲಾಗಲಿಲ್ಲ. "ಉಸ್ತಾದ್ರೆ, ಈಗ ನಾನು ನೀನೋ, ನೀವೋ?"

ಅವರು ನನ್ನನ್ನು ನೋಡಿದರು, ಹೊಸ್ತಿಲು ನೋಡಿದರು. "ಅದು ನಂಗೂ ಗೊತ್ತಿಲ್ಲ. ಮೊದ್ಲು ದಾಟ್ಸು" ಎಂದರು.

ದಾಟಿಸಿದೆ. ಬಿಸಿಲು ಬಂದಿತ್ತು. ಟೀ ಅಂಗಡಿಯ ಬೆಂಚು ಖಾಲಿ ಇತ್ತು. "ನಿಮಗೆ ಭಾರ ಆಯ್ತೇನ್ರಿ ಮೇಷ್ಟ್ರೇ?" ಎಂದು ಕೇಳಿದರು. ಇಲ್ಲ ಎಂದೆ. ಟೀ ಬರುವ ತನಕ ಅವರು ಹೆಗಲ ಮೇಲಿನ ಕೈ ತೆಗೆಯಲಿಲ್ಲ.